ಇದರಾಗ ಏನೈತಿ?

ಗೋವೆಯಿಂದ ಘಟ್ಟ ಹತ್ತಿ ಬರುವ ಬಸ್ಸಿಗೆ ಕರ್ನಾಟಕದಲ್ಲಿ ಮೊದಲು ಎದುರಾಗುವುದು ಅನಮೋಡ. ಊರು ಎಂದರೆ ದೊಡ್ಡ ಮಾತಾದೀತು. ಜೋಯಿಡಾ ತಾಲೂಕಿನ ದಟ್ಟ ಕಾಡಿನ ನಡುವೆ ಒಂದು ರಸ್ತೆ, ರಸ್ತೆಯ ಮೇಲೆ ಒಂದು ತನಿಖಾ ಠಾಣೆ, ಅದರ ಆಸುಪಾಸಿನಲ್ಲಿ ನಾಲ್ಕಾರು ಚಹದಂಗಡಿಗಳು, ಗಿಡಗಳ ಮರೆಯಲ್ಲಿ ಕೆಲವು ಮನೆಗಳು. 1961ರ ಡಿಸೆಂಬರ್ 19ರ ತನಕ ಈ ಘಟ್ಟದ ಕೆಳಗೆ ಪೋರ್ತುಗೀಜರ ಆಳಿಕೆಯಿತ್ತು. ಪೋರ್ತುಗೀಜರು ಹೋದರು, ಚೀಲ ತಪಾಸಣೆ ಮಾತ್ರ ಹೋಗಲಿಲ್ಲ. ಗೋವೆಯಲ್ಲಿ ಅಗ್ಗವಾಗಿ ಸಿಗುವ ಸೀಸೆಗಳು ಘಟ್ಟ ಹತ್ತಿ ಬಾರದಿರಲೆಂದು ಇಲ್ಲಿ ಬಸ್ಸನ್ನು ನಿಲ್ಲಿಸುತ್ತಾರೆ. ಒಬ್ಬರು ಒಳಗೆ ಬಂದು, ಕಣ್ಣಿಗೆ ಬಿದ್ದ ಚೀಲವನ್ನು ಮುಟ್ಟಿ, "ಇದರಾಗ ಏನೈತಿ?" ಎಂದು ಕೇಳುತ್ತಾರೆ.

ಏಳು ವರ್ಷಗಳಿಂದ ನಾನು ಈ ಪ್ರಶ್ನೆಗೆ ಉತ್ತರ ಕೊಡುತ್ತ ಬಂದವನು. ನನ್ನ ನೌಕರಿ ಫೋಂಡಾದಲ್ಲಿ, ಸಂಸಾರ ಧಾರವಾಡದಲ್ಲಿ. ಶನಿವಾರ ಘಟ್ಟ ಹತ್ತುವುದು, ಸೋಮವಾರ ನಸುಕಿನಲ್ಲಿ ಇಳಿಯುವುದು. ಇದೇ ನನ್ನ ಬಾಳಿನ ಭರತ-ಇಳಿತ. ನನ್ನ ಚೀಲದಲ್ಲಿ ಸೀಸೆ ಎಂದೂ ಇರಲಿಲ್ಲ. ಇರುತ್ತಿದ್ದುದು ಪೊಟ್ಟಣಗಳು: ಕ್ರೀಮು ತುಂಬಿದ ಬಿಸ್ಕತ್ತು, ಮಸಾಲೆ ಉದುರಿಸಿದ ಚಿಪ್ಸು, ಮೆತ್ತನೆಯ ಕೇಕು, ಹಣ್ಣಿನ ಚಿತ್ರವಿರುವ ಪಾನಕದ ಡಬ್ಬಿ. ವಾರಕ್ಕೊಮ್ಮೆ ಮನೆಗೆ ಬರುವ ತಂದೆ ಬರಿಗೈಯಲ್ಲಿ ಬರಬಹುದೆ? ಆರು ದಿನ ಮನೆಯಲ್ಲಿ ಇಲ್ಲದ್ದಕ್ಕೆ ದಂಡವನ್ನು ನಾನು ಬಿಸ್ಕತ್ತಿನ ರೂಪದಲ್ಲಿ ಮಗಳಿಗೆ ಕಟ್ಟುತ್ತಿದ್ದೆ. ಆಕೆಗೆ ಈಗ ಹತ್ತು ವರ್ಷ. ದಂಡ ವಸೂಲಿಯಲ್ಲಿ ಬಹಳ ಕಟ್ಟುನಿಟ್ಟು.

"ಮಕ್ಕಳ ತಿಂಡಿ" ಎನ್ನುತ್ತಿದ್ದೆ ನಾನು. ಬಂದವರು ಚೀಲವನ್ನು ಒಮ್ಮೆ ಒತ್ತಿ ನೋಡಿ, "ಏನೂ ಇಲ್ಲ" ಎಂದು ಮುಂದಿನ ಆಸನಕ್ಕೆ ಹೋಗುತ್ತಿದ್ದರು.

ನನ್ನ ಊಟದ ಸಂಗತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಈ ಕಾಲದ ಮನುಷ್ಯನಿಗೆ ಹಸಿವೆ ಇದೆ, ಹೊತ್ತಿಲ್ಲ. ಬೆಳಿಗ್ಗೆ ಚಹದೊಡನೆ ಬಿಸ್ಕತ್ತು, ಮಧ್ಯಾಹ್ನ ಖಾನಾವಳಿ, ಸಂಜೆ ಕಚೇರಿಯ ಮೇಜಿನ ಮೇಲೆ ಯಾರೋ ಬಿಚ್ಚಿಟ್ಟ ಚಿಪ್ಸು, ರಾತ್ರಿ ಕೋಣೆಯಲ್ಲಿ ಬಿಸಿನೀರಿಗೆ ಹಾಕಿದರೆ ಆಗುವ ನೂಡಲ್ಸು. ಅಡಿಗೆಯಲ್ಲಿ ಉಳಿಸಿದ ಹೊತ್ತನ್ನು ಏನು ಮಾಡುತ್ತಿದ್ದೆನೆಂದು ಕೇಳಬೇಡಿ; ಮೊಬೈಲು ನೋಡುತ್ತಿದ್ದೆ.

2024ರ ಡಿಸೆಂಬರಿನಲ್ಲಿ ಧಾರವಾಡದ ಡಾಕ್ಟರರು ನನ್ನ ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಒಂದು ಪರೀಕ್ಷೆ ಇದೆ. ಅದರ ಅಂಕಿ 6.5 ಮುಟ್ಟಿದರೆ ಮಧುಮೇಹವೆಂದು ಲೆಕ್ಕ. ನನ್ನದು 7.4 ಬಂತು. "ಗಾಬರಿ ಆಗಬ್ಯಾಡ್ರಿ. ನಮ್ಮ ದೇಶದಾಗ ಹತ್ತು ಕೋಟಿ ಮಂದಿ ಇದ್ದೀರಿ" ಎಂದರು ಡಾಕ್ಟರರು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜು ಅದು. ಹತ್ತು ಕೋಟಿ ಜನರ ಸಂಗಡ ಇದ್ದೇನೆಂಬುದು ಸಮಾಧಾನದ ಮಾತೇ ಆಗಬೇಕಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದುದು ಕೋಟಿಯಲ್ಲ, ಒಬ್ಬರೇ ಒಬ್ಬರು, ನಮ್ಮ ತಂದೆ.

ಅವರಿಗೂ ಇದೇ ರೋಗವಿತ್ತು. ಬಹಳ ದಿನ ಲಕ್ಷ್ಯ ಕೊಡಲಿಲ್ಲ. ಅದು ಕಣ್ಣಿನ ಒಳಪರದೆಯ ಸಣ್ಣ ನಾಳಗಳನ್ನು ಕೆಡಿಸಿ, ಕೊನೆಯ ಆರು ವರ್ಷ ಅವರು ಕತ್ತಲೆಯಲ್ಲಿ ಕಳೆದರು. ಕಣ್ಣಿದ್ದಾಗ ತಟ್ಟೆಗೆ ಬಿದ್ದುದನ್ನು ನೋಡದೆ ಉಣ್ಣುತ್ತಿದ್ದ ಮನುಷ್ಯ, ಕಣ್ಣು ಹೋದ ಮೇಲೆ ಏನು ಕೈಗಿತ್ತರೂ ಮೂಸಿ, ಬೆರಳಿನಿಂದ ಮುಟ್ಟಿ, "ಇದರಾಗ ಏನೈತಿ?" ಎಂದು ಕೇಳಿಯೇ ಬಾಯಿಗಿಡುತ್ತಿದ್ದರು. ನಮಗೆ ಆಗ ಅದು ಕಿರಿಕಿರಿ ಎನಿಸುತ್ತಿತ್ತು.

ಡಾಕ್ಟರರು ಗುಳಿಗೆ ಬರೆದರು, ನಡೆಯಲು ಹೇಳಿದರು, "ತಿನ್ನೂದರ ಮ್ಯಾಲೆ ಲಕ್ಷ್ಯ ಇರಲಿ" ಎಂದರು. ನಾನು ಲಕ್ಷ್ಯವಿಟ್ಟೆ. ಎಂದರೆ, ಸಾದಾ ಬಿಸ್ಕತ್ತು ಬಿಟ್ಟು 'ಮಲ್ಟಿಗ್ರೇನ್' ಎಂದು ದೊಡ್ಡ ಅಕ್ಷರದಲ್ಲಿ ಬರೆದ ಬಿಸ್ಕತ್ತು ಕೊಂಡೆ.

ಹೀಗಿರಲು, 2025ರ ಜನವರಿಯ ಒಂದು ಶನಿವಾರ ಅನಮೋಡದ ಮುಂದಿನ ತಿರುವಿನಲ್ಲಿ ಲಾರಿಯೊಂದು ಅಡ್ಡಬಿತ್ತು. ನಮ್ಮ ಬಸ್ಸು ಠಾಣೆಯ ಹತ್ತಿರ ಎರಡು ತಾಸು ನಿಂತಿತು. ಮೊಬೈಲಿಗೆ ಸಂಕೇತ ಸಿಗದು. ನಾನು ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಯ ಮಗ್ಗುಲಲ್ಲಿ ನಡೆದೆ.

ಸ್ವಲ್ಪ ದೂರದಲ್ಲಿ ಒಬ್ಬ ಮುದುಕಿ ಗೋಣಿತಟ್ಟಿನ ಮೇಲೆ ಗೆಡ್ಡೆಗಳನ್ನು ರಾಶಿ ಹಾಕಿಕೊಂಡು ಕುಳಿತಿದ್ದರು. ಕುಣಬಿ ಹೆಂಗಸು. ಜೋಯಿಡಾದ ಕುಣಬಿಗರು ಗೆಡ್ಡೆ-ಗೆಣಸು ಬೆಳೆಯುವುದರಲ್ಲಿ ಹೆಸರಾದವರು. ಚಳಿಗಾಲದಲ್ಲಿ ಜೋಯಿಡಾದಲ್ಲಿ ಗೆಡ್ಡೆಗೆಣಸಿನ ಮೇಳವೇ ನಡೆಯುತ್ತದೆ. ಕೆಸುವಿನ ಜಾತಿಯ ಮುಡ್ಲಿ, ಕೋನ, ಸುವರ್ಣಗಡ್ಡೆ ಎಂದು ಅಲ್ಲಿ ನೋಡಬೇಕಾದ ಹೆಸರುಗಳು ಹಲವು. ಮುದುಕಿಯ ಬಳಿ ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆಯೊಂದು ಕುದಿಯುತ್ತಿತ್ತು. ಮಗ್ಗುಲಲ್ಲಿ ಐದು ವರ್ಷದ ಮೊಮ್ಮಗ.

"ಕೂಡು ಬಾಬಾ. ಬಸ್ಸು ಈಗ ಹೋಗೂದಿಲ್ಲ" ಎಂದರು, ಕೊಂಕಣಿ ಬೆರೆತ ಕನ್ನಡದಲ್ಲಿ. ಕುಳಿತೆ. ಬೆಂದ ಮುಡ್ಲಿಯ ಸಿಪ್ಪೆ ಸುಲಿದು, ಎಲೆಯ ಮೇಲೆ ಉಪ್ಪು-ಹಸಿಮೆಣಸಿನಕಾಯಿ ಅರೆದದ್ದರ ಜೊತೆ ಕೊಟ್ಟರು. ಎಲ್ಲಿಯದೆಂದು ನಾನು ಕೇಳುವ ಮೊದಲೇ ಗೆಡ್ಡೆಯ ಜಾತಕ ಹೊರಬಿತ್ತು. "ಕೆಳಗಿನ ಹಿತ್ತಲದ್ದು. ಮಳೆಗಾಲಕ್ಕ ಮೊದಲ ಹಾಕಿದ್ದು. ಸಗಣಿ ಗೊಬ್ಬರ. ಹಂದಿ ಅರ್ಧ ತಿಂತು, ಉಳಿದದ್ದು ನಮಗ. ಹುಳಿ ಹಾಕಿ ಬೇಯಿಸೀನಿ, ಬಾಯಿ ತುರಿಸೂದಿಲ್ಲ." ಕೆಸುವಿನ ಗೆಡ್ಡೆಯಲ್ಲಿರುವ ಸೂಜಿಯಂಥ ಸಣ್ಣ ಹರಳುಗಳು ಬಾಯಿಯನ್ನು ಕೆರೆಯುತ್ತವೆ ಎಂದು ನಾನು ಓದಿದ್ದೆ. ಆಕೆ ಓದಿರಲಿಲ್ಲ, ಅದಕ್ಕೆ ಮಾಡಬೇಕಾದುದನ್ನು ಮಾಡಿದ್ದರು.

ದುಡ್ಡು ಕೊಡಹೋದರೆ ಬೇಡವೆಂದರು. ಋಣ ಉಳಿಸಿಕೊಳ್ಳಬಾರದೆಂದು ನಾನು ಚೀಲ ತೆರೆದು ಒಂದು ಕ್ರೀಮು ಬಿಸ್ಕತ್ತಿನ ಪೊಟ್ಟಣವನ್ನು ಹುಡುಗನ ಕಡೆ ಚಾಚಿದೆ. ಅವನ ಕೈ ಮುಂದೆ ಬಂತು. ಮುದುಕಿ ಆ ಕೈಯನ್ನು ಮೆಲ್ಲನೆ ಹಿಡಿದು ನನ್ನನ್ನು ಕೇಳಿದರು:

"ಇದರಾಗ ಏನೈತಿ, ಬಾಬಾ?"

ಏಳು ವರ್ಷ ಇದೇ ಸ್ಥಳದಲ್ಲಿ ಉತ್ತರ ಹೇಳಿ ರೂಢಿಯಾಗಿತ್ತಲ್ಲ! ಪೊಟ್ಟಣದ ಮೇಲೆ ಗೋದಿಯ ತೆನೆ, ಸುರಿಯುವ ಹಾಲಿನ ಚಿತ್ರ ಇದ್ದವು. "ಏನಿಲ್ಲ ಆಯೀ. ಗೋದಿ, ಹಾಲು, ಸ್ವಲ್ಪ ಸಕ್ಕರಿ. ಹುಡುಗರಿಗೆ ಶಕ್ತಿ ಬರತೈತಿ" ಎಂದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿದರು. ಚಷ್ಮಾ ಹಾಕಿಕೊಂಡ, ಕಲಿತ ಮನುಷ್ಯ. ತಿಳಿದೇ ಹೇಳಿಯಾನು ಎನಿಸಿರಬೇಕು. ಹುಡುಗನ ಕೈ ಬಿಟ್ಟರು.

ಬಸ್ಸು ಹೊರಟಿತು. ಹೊಟ್ಟೆ ತುಂಬಿತ್ತು, ಮೊಬೈಲು ಸತ್ತಿತ್ತು. ಓದಲು ಬೇರೇನೂ ಇಲ್ಲದೆ ಅದೇ ಬಿಸ್ಕತ್ತಿನ ಇನ್ನೊಂದು ಪೊಟ್ಟಣವನ್ನು ತಿರುಗಿಸಿ ಹಿಂಭಾಗವನ್ನು ಓದಿದೆ. ಇರುವೆಯ ಸಾಲಿನಂಥ ಅಕ್ಷರ. ಮೊದಲನೆಯ ಹೆಸರು ಮೈದಾ. ಎರಡನೆಯದು ಸಕ್ಕರೆ. ಮೂರನೆಯದು ತಾಳೆಯೆಣ್ಣೆ. ಹಾಲು ಎಲ್ಲಿ ಎಂದು ಹುಡುಕುತ್ತ ಹೋದರೆ ಸಾಲಿನ ಬಾಲದಲ್ಲಿ, ಉಪ್ಪಿನ ಆಚೆ, ಹಾಲಿನ ಪುಡಿಯಾಗಿ ಸಿಕ್ಕಿತು. ನೂರು ಗ್ರಾಮಿನ ಪೊಟ್ಟಣ. ಅದರಲ್ಲಿ ಸಕ್ಕರೆ 36 ಗ್ರಾಂ, ಎಂದರೆ ಏಳು ಚಹದ ಚಮಚೆ. ನಾನು ಮುದುಕಿಗೆ "ಸ್ವಲ್ಪ" ಎಂದಿದ್ದೆ.

ನನ್ನ ಮಲ್ಟಿಗ್ರೇನಿನ ಹಿಂಭಾಗವನ್ನೂ ನೋಡಿದೆ. ಅಲ್ಲಿಯೂ ಮೊದಲನೆಯ ಗೌರವ ಮೈದಾಕ್ಕೇ. ರಾಗಿ ನೂರಕ್ಕೆ ಎರಡು, ಓಟ್ಸು ಒಂದೂವರೆ. ಮದುವೆಯ ಕರೆಯೋಲೆಯಲ್ಲಿ ದೂರದ ನೆಂಟರ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದಂತೆ.

ಆ ವಾರ ನಾನು ಈ ಹಿಂಭಾಗದ ವಿದ್ಯೆಯನ್ನು ಸ್ವಲ್ಪ ಕಲಿತೆ. ಅದು ಕಠಿಣವೇನಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ, ಪೊಟ್ಟಣದಲ್ಲಿ ತೂಕದಿಂದ ಹೆಚ್ಚಿಗೆ ಇರುವುದನ್ನು ಮೊದಲು, ಕಡಿಮೆ ಇರುವುದನ್ನು ಆಮೇಲೆ ಬರೆಯಬೇಕು. ಆದಕಾರಣ ಮೊದಲ ಮೂರು ಹೆಸರು ಓದಿದರೆ ಪೊಟ್ಟಣದ ಗುಣ ಅರ್ಧ ತಿಳಿದಂತೆ. ಸಕ್ಕರೆ ತನ್ನ ಹೆಸರಿನಿಂದಲೇ ಬರಬೇಕೆಂದಿಲ್ಲ. ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಡೆಕ್ಸ್ಟ್ರೋಸ್ ಎಂದು ವೇಷ ಹಾಕಿಕೊಂಡೂ ಬರುತ್ತದೆ. ದೊಡ್ಡವರೊಬ್ಬರಿಗೆ ದಿನಕ್ಕೆ 2000 ಕ್ಯಾಲರಿ ಎಂದು ಹಿಡಿದು, ಮೇಲಿಂದ ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ ಎಂಬ ಅಳತೆಯ ಮೇಲೆ ಅಲ್ಲಿಯ ಶೇಕಡಾವಾರು ನಿಂತಿದೆ. ಸಕ್ಕರೆ ಇದರ ಅರ್ಧವಾದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸೋಡಿಯಮ್ಮನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 2000 ಮಿಲಿಗ್ರಾಂ ಎಂದರೆ 5 ಗ್ರಾಂ ಉಪ್ಪು. ಇನ್ನು 'ಒಂದು ಪಾಲಿಗೆ ಇಷ್ಟು' ಎಂದು ಬರೆದಲ್ಲಿ ಪಾಲು ಎಷ್ಟು ದೊಡ್ಡದೆಂದು ನೋಡಬೇಕು. ಎರಡು ಬಿಸ್ಕತ್ತು ತಿಂದು ಪೊಟ್ಟಣ ಮಡಿಸಿಡುವ ಮಹಾತ್ಮರನ್ನು ಗಮನದಲ್ಲಿಟ್ಟು ಬರೆದ ಲೆಕ್ಕ ಅದು.

ಹಾಗೆಂದು ಎಲ್ಲಕ್ಕೂ ಬೆದರಬೇಕಿಲ್ಲ. 500 ಎಂಬ ಸಂಖ್ಯೆ ಕಂಡು ನಾನು ಬೆಚ್ಚಿದ್ದೆ. ಅದು ನಮ್ಮ ಅಡಿಗೆ ಸೋಡಾ. 330 ಎಂದರೆ ನಿಂಬೆಹಣ್ಣಿನಲ್ಲಿರುವ ಹುಳಿಯೇ. ಅಂಜಿಕೆ ಹುಟ್ಟಿಸುವ ಸಂಖ್ಯೆಗಳಿಗಿಂತ ಪರಿಚಯದ ಮೊದಲ ಮೂರು ಹೆಸರುಗಳೇ ನನ್ನ ಮಟ್ಟಿಗೆ ಹೆಚ್ಚು ಅಪಾಯದವಾಗಿದ್ದವು.

ಒಂದು ಮಾತು ಮಾತ್ರ ಮನಸ್ಸನ್ನು ಕೊರೆಯಿತು. ಈ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಆ ನಿಯಮಕ್ಕೆ ಸಾಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2024ರಲ್ಲಿ ಭಾರತೀಯರಿಗೆಂದು ಕೊಟ್ಟ ಹದಿನೇಳು ಆಹಾರ ಸೂತ್ರಗಳಲ್ಲಿ, ಪೊಟ್ಟಣದ ಮೇಲಿನ ಬರಹ ಓದಿ ಆರಿಸಿಕೊಳ್ಳಿ ಎಂಬುದೂ ಒಂದು. ಅನಮೋಡದ ಮುದುಕಿ ಯಾವುದನ್ನು ಓದಬೇಕು? ಆಕೆ ತನ್ನಿಂದಾದುದನ್ನು ಮಾಡಿದರು: ಓದಬಲ್ಲವನನ್ನು ಕೇಳಿದರು. ಓದಬಲ್ಲವನು ಓದದೆ ಉತ್ತರ ಹೇಳಿದ.

ಮನೆಗೆ ಅಂದು ಒಂದು ಮುಡ್ಲಿಯನ್ನೂ ಕೊಂಡು ತಂದಿದ್ದೆ. ಮಗಳು ದಂಡ ವಸೂಲಿಗೆ ಚೀಲಕ್ಕೆ ಕೈ ಹಾಕಿದಾಗ, "ಮೊದಲು ಹಿಂದ ಬರೆದದ್ದನ್ನ ಓದು, ಆಮೇಲೆ ತಿನ್ನು" ಎಂದೆ. ಆಕೆಗೆ ಅದೊಂದು ಆಟವಾಯಿತು. ಎಲ್ಲ ಪೊಟ್ಟಣ ಓದಿ ಮುಗಿಸಿ, ಮಣ್ಣು ಮೆತ್ತಿದ ಗೆಡ್ಡೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅಪ್ಪಾ, ಇದರ ಮ್ಯಾಲೆ ಏನೂ ಬರದಿಲ್ಲ" ಎಂದಳು. "ಅದರಾಗ ಅದೊಂದೇ ಐತಿ" ಎಂದೆ.

ಆದರೆ ಗೆಡ್ಡೆಯನ್ನು ಅಮೃತವೆಂದು ಹಾಡಲು ಹೊರಟ ನನ್ನನ್ನು ಡಾಕ್ಟರರು ಅಲ್ಲಿಯೇ ತಡೆದರು. "ಗಡ್ಡಿನೂ ಪಿಷ್ಟನ ಅಲ್ಲೇನ್ರಿ? ಅನ್ನದ ಜೋಡಿ ಅಲ್ಲ, ಅನ್ನದ ಬದಲಿಗೆ ತಿನ್ರಿ. ಮಗ್ಗಲಕ ಕಾಳು, ತಪ್ಪಲಪಲ್ಲೆ ಇರಲಿ" ಎಂದರು. ಹೊಸ ಭಕ್ತನಿಗೆ ಇಂಥ ತಡೆ ಬೇಕಾಗುತ್ತದೆ.

ಹೊತ್ತಿಲ್ಲದ್ದರ ಕತೆ ಏನಾಯಿತೆಂದು ನೀವು ಕೇಳಬಹುದು. ಹೊತ್ತಿಲ್ಲದವರಿಗೆಂದೇ ನಮ್ಮ ಸೀಮೆಯಲ್ಲಿ ಖಡಕ್ ರೊಟ್ಟಿ ಇದೆ, ವಾರವಿಡೀ ಕೆಡದು. "ರೊಟ್ಟಿ ಬಡಿಯಾವರು ಯಾರು?" ಎಂದು ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಆಕೆಯೂ ನೌಕರಿ ಮಾಡುವವಳು. ಆದುದರಿಂದ ರೊಟ್ಟಿಯನ್ನು ಓಣಿಯ ಹೆಂಗಸೊಬ್ಬರ ಹತ್ತಿರ ಕೊಳ್ಳುತ್ತೇವೆ. ರವಿವಾರ ಮುಂಜಾನೆ ಶೇಂಗಾ ಹುರಿಯುವುದು, ಚಟ್ನಿಪುಡಿ ಕುಟ್ಟುವುದು, ಮಡಿಕೆಕಾಳು ನೆನೆಯಿಟ್ಟು ಮೊಳಕೆ ಕಟ್ಟುವುದು ನನ್ನ ಪಾಲಿನ ಕೆಲಸ. ಒಂದೂವರೆ ತಾಸು ಹಿಡಿಯುತ್ತದೆ. ಮೊಬೈಲಿನಿಂದ ತೆಗೆದ ಹೊತ್ತು. ಪೊಟ್ಟಣ ಪೂರಾ ನಿಂತಿದೆ ಎಂದರೆ ಇನ್ನೊಂದು ಸುಳ್ಳಾದೀತು. ತಿಂಗಳಿಗೊಮ್ಮೆ ಮಗಳು ತಾನೇ ಓದಿ ಆರಿಸಿದ್ದು ಒಂದು ಬರುತ್ತದೆ. ಏಪ್ರಿಲಿನ ಪರೀಕ್ಷೆಯಲ್ಲಿ ನನ್ನ ಅಂಕಿ 6.8ಕ್ಕೆ ಇಳಿಯಿತು. ಅದು ಗುಳಿಗೆಯ ಪುಣ್ಯವೋ, ನಡಿಗೆಯದೋ, ರೊಟ್ಟಿಯದೋ, ಡಾಕ್ಟರರೂ ಬೇರ್ಪಡಿಸಿ ಹೇಳಲಿಲ್ಲ.

ಆ ಲಾರಿ ಬಿದ್ದ ಮರುವಾರವೇ ನಾನು ಅನಮೋಡದಲ್ಲಿ, ಚೀಲ ನೋಡುವವರು ಒಳಗೆ ಬಂದ ಹೊತ್ತಿಗೆ, ಕೆಳಗಿಳಿದು ಓಡಿದ್ದೆ. ಮುದುಕಿ ಅಲ್ಲೇ ಇದ್ದರು. ಪಕ್ಕದ ಅಂಗಡಿಯಲ್ಲಿ ಐದು ರೂಪಾಯಿಯ ಪೊಟ್ಟಣಗಳು ತೋರಣದಂತೆ ಜೋತಾಡುತ್ತಿದ್ದವು. ಹುಡುಗ ಅವುಗಳ ಕೆಳಗೇ ಆಡುತ್ತಿದ್ದ.

"ಆಯೀ, ಹೋದ ವಾರ ನಾ ತಪ್ಪು ಹೇಳಿದೆ. ಅದರಾಗ ಹಾಲು ಇರಲೇ ಇಲ್ಲ ಅಂತ ತಿಳೀರಿ. ಮೈದಾ, ಸಕ್ಕರಿ, ಎಣ್ಣಿ, ಅಷ್ಟೇ. ದಿನಾ ಕೊಡಬ್ಯಾಡ್ರಿ" ಎಂದೆ, ಏದುಸಿರು ಬಿಡುತ್ತ.

ಆಕೆಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕರು. "ಅವ ಅವತ್ತೇ ತಿಂದು ಮುಗಿಸಿದ ಬಾಬಾ" ಎಂದರು. ನನ್ನ ಹೆಗಲ ಚೀಲವನ್ನು ನೋಡಿ ಕೇಳಿದರು:

"ಇವತ್ತು ಇದರಾಗ ಏನೈತಿ?"

ಅಷ್ಟರಲ್ಲಿ ಕಂಡಕ್ಟರರು ಸೀಟಿ ಊದಿದರು. ನಾನು ಚೀಲ ಬಿಚ್ಚಿ ತೋರಿಸಿಯೇ ಬಸ್ಸು ಹತ್ತಿದೆ.