ಲಾಭಾಂಶವಿಲ್ಲದ ಪಾಲುಗಾರರು

ಶಾಲೆಯ ವಾರ್ಷಿಕ ಸಂಚಿಕೆಗೆ ಒಂದು ಲೇಖನವನ್ನು ಕಳುಹಿಸಿಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿಕೊಂಡಾಗ, ಏನನ್ನು ಕುರಿತು ಬರೆಯುವುದೆಂಬ ಪ್ರಶ್ನೆ ಸಹಜವಾಗಿಯೇ ಎದುರಾಯಿತು. ವಿದೇಶದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಯಿಂದ ವಾಚಕರು ಪ್ರಾಯಶಃ ಅಲ್ಲಿನ ಐಶ್ವರ್ಯದ ವರ್ಣನೆಯನ್ನೋ ಯಂತ್ರವೈಭವದ ವರ್ಣನೆಯನ್ನೋ ನಿರೀಕ್ಷಿಸಿಯಾರು. ಅದನ್ನು ಬರೆಯಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ನಾನು 1986ರಿಂದ ವಾಸವಾಗಿರುವ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಒಂದು ಆಟದ ತಂಡವನ್ನು ಕುರಿತು ಜನಸಾಮಾನ್ಯರು ನಡೆಸುವ ವಾದವಿವಾದವನ್ನು ಸುಮಾರು ನಾಲ್ಕು ದಶಕಗಳಿಂದ ಕೇಳುತ್ತ ಬಂದಿದ್ದೇನೆ. ವಿಷಯ ಮೇಲುನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಒಬ್ಬ ತರುಣನ ಯೋಗ್ಯತೆಯನ್ನು ಹೇಗೆ ಅಳೆಯಬೇಕು, ಒಂದು ನಿರ್ಧಾರದ ಸರಿತಪ್ಪುಗಳನ್ನು ಯಾವಾಗ ಹೇಳಬೇಕು, ಒಂದು ಸಂಸ್ಥೆಗೆ ಹಣ ಕೊಟ್ಟವನಿಗೆ ಅದರ ಮೇಲೆ ಎಷ್ಟು ಹಕ್ಕುಂಟು ಎಂಬ ಪ್ರಶ್ನೆಗಳೆಲ್ಲ ಆ ವಾದದಲ್ಲಿ ಅಡಗಿವೆ. ಶಾಲೆಯೊಂದರ ಬಾಳಿನಲ್ಲಿ ಪಾಲ್ಗೊಂಡವರಿಗೆ ಈ ಪ್ರಶ್ನೆಗಳು ಅಪರಿಚಿತವಲ್ಲ.

ಮೊದಲು ಆಟದ ಪರಿಚಯವನ್ನು ಮಾಡಿಕೊಡಬೇಕು. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಾವು ಶಾಲೆಯ ಬಯಲಿನಲ್ಲಿ ಆಡುತ್ತಿದ್ದ ಕಾಲ್ಚೆಂಡಿನಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೋ, ಎಸೆದೋ, ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು; ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುತ್ತವೆ. ಎದುರಾಳಿಯ ಕೊನೆಯ ಗೆರೆಯನ್ನು ಮುಟ್ಟಿದರೆ ಆರು ಅಂಕ, ಅದರ ಮೇಲೆ ಒಂದೋ ಎರಡೋ ಅಂಕ ಗಳಿಸುವ ಅವಕಾಶ. ಗೆರೆಯನ್ನು ಮುಟ್ಟಲಾಗದೆ ಚೆಂಡನ್ನು ಒದ್ದು ಕಂಬಗಳ ನಡುವೆ ಹಾಯಿಸಿದರೆ ಮೂರು ಅಂಕ. ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್ ಎಂಬಾತನು ಪಡೆಗೆ ದಂಡನಾಯಕನಿದ್ದಂತೆ. ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಸಂಘದಲ್ಲಿ ಇಂಥ 32 ವೃತ್ತಿಪರ ತಂಡಗಳಿವೆ. ಅವುಗಳಲ್ಲಿ 31 ತಂಡಗಳು ಧನಾಢ್ಯರ ಅಥವಾ ಅವರ ಕುಟುಂಬಗಳ ಒಡೆತನಕ್ಕೆ ಸೇರಿವೆ. ಉಳಿದ ಒಂದೇ ಒಂದು ತಂಡಕ್ಕೆ ಒಡೆಯನಿಲ್ಲ. ಅದೇ ಗ್ರೀನ್ ಬೇ ಪ್ಯಾಕರ್ಸ್.

ಗ್ರೀನ್ ಬೇ ಮಹಾನಗರವಲ್ಲ. ಅಲ್ಲಿನ ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ನಾಡಿನ ಒಂದು ಜಿಲ್ಲಾ ಕೇಂದ್ರಕ್ಕಿಂತ ದೊಡ್ಡದೆನ್ನಲಾಗದು. ಆದರೂ ಲ್ಯಾಂಬೋ ಫೀಲ್ಡ್ ಎಂಬ ಅದರ ಕ್ರೀಡಾಂಗಣದಲ್ಲಿ 80 ಸಾವಿರಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಹುದು. 1919ರಲ್ಲಿ ಕರ್ಲಿ ಲ್ಯಾಂಬೋ ಎಂಬ ತರುಣನೂ ಜಾರ್ಜ್ ಕಾಲ್ಹೂನ್ ಎಂಬ ಪತ್ರಕರ್ತನೂ ಸೇರಿ ತಂಡವನ್ನು ಕಟ್ಟಿದರು. ಲ್ಯಾಂಬೋ ಕೆಲಸ ಮಾಡುತ್ತಿದ್ದ ಮಾಂಸದ ಡಬ್ಬಿಗಳನ್ನು ತುಂಬುವ ಕಾರ್ಖಾನೆ ಸಮವಸ್ತ್ರಕ್ಕೆ ಹಣ ಕೊಟ್ಟುದರಿಂದ ತಂಡಕ್ಕೆ ಪ್ಯಾಕರ್ಸ್ ಎಂಬ ಹೆಸರು ಬಂದಿತು. ಹಣದ ಅಡಚಣೆಯಿಂದ ತಂಡ ಮುಳುಗುವ ಸ್ಥಿತಿಗೆ ಬಂದಾಗ, 1923ರಲ್ಲಿ ಊರಿನವರಿಗೆ ತಲಾ 5 ಡಾಲರಿನಂತೆ ಪಾಲುಗಳನ್ನು ಮಾರಿ ಅದನ್ನು ಉಳಿಸಿಕೊಳ್ಳಲಾಯಿತು. ಆಮೇಲೆ 1935, 1950, 1997, 2011 ಮತ್ತು 2021ರಲ್ಲಿ ಮತ್ತೆ ಪಾಲುಗಳನ್ನು ಮಾರಿದರು. ಕೊನೆಯ ಸಲ ಪಾಲೊಂದರ ಬೆಲೆ 300 ಡಾಲರು. ಇಂದು ಪಾಲುಗಾರರ ಸಂಖ್ಯೆ ಐದು ಲಕ್ಷವನ್ನು ಮೀರಿದೆ.

ಈ ಪಾಲಿನ ಸ್ವರೂಪ ವಿಚಿತ್ರವಾದುದು. ಇದಕ್ಕೆ ಲಾಭಾಂಶವಿಲ್ಲ. ಇದನ್ನು ಪೇಟೆಯಲ್ಲಿ ಮಾರುವಂತಿಲ್ಲ. ಇದರ ಬಲದಿಂದ ಆಟದ ಟಿಕೆಟ್ಟು ಕೂಡ ದೊರೆಯದು. ಟಿಕೆಟ್ಟಿಗಾಗಿ ಹೆಸರು ಬರೆಯಿಸಿ ಕಾದಿರುವವರೇ ಲಕ್ಷಕ್ಕೂ ಮಿಕ್ಕಿದ್ದಾರೆ. ಸಂಸ್ಥೆಯನ್ನು ವಿಸರ್ಜಿಸಿದರೂ ಉಳಿದ ಹಣ ಧರ್ಮಕಾರ್ಯಕ್ಕೆ ಹೋಗತಕ್ಕದ್ದೇ ಹೊರತು ಪಾಲುಗಾರನಿಗೆ ಬರತಕ್ಕದ್ದಲ್ಲ. ವರ್ಷಕ್ಕೊಮ್ಮೆ ಕ್ರೀಡಾಂಗಣದಲ್ಲಿ ನಡೆಯುವ ಮಹಾಸಭೆಗೆ ಹೋಗಬಹುದು, ನಿರ್ದೇಶಕರ ಆಯ್ಕೆಗೆ ಮತ ಕೊಡಬಹುದು, ಅಷ್ಟೆ. ಯಾರನ್ನು ಕೋಚ್ ಮಾಡಬೇಕು, ಯಾವ ಆಟಗಾರನನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದೆಲ್ಲ ಅಧ್ಯಕ್ಷರಿಗೂ ಜನರಲ್ ಮ್ಯಾನೇಜರರಿಗೂ ಬಿಟ್ಟ ವಿಷಯ. ಹೀಗಿದ್ದರೂ ನನ್ನೊಡನೆ ಕಾಗದದ ಗಿರಣಿಯಲ್ಲಿ ದುಡಿಯುತ್ತಿದ್ದ ವೃದ್ಧ ಕಾರ್ಮಿಕರೊಬ್ಬರ ಮನೆಯಲ್ಲಿ, ವಿವಾಹದ ಭಾವಚಿತ್ರದ ಪಕ್ಕದಲ್ಲಿಯೇ ಆ ಪಾಲುಪತ್ರವನ್ನು ಗಾಜಿನ ಚೌಕಟ್ಟಿನಲ್ಲಿ ಕಟ್ಟಿ ತೂಗುಹಾಕಿದ್ದನ್ನು ನಾನು ನೋಡಿದ್ದೇನೆ.

ಗ್ರೀನ್ ಬೇಯಿಂದ ಸುಮಾರು 50 ಕಿಲೋಮೀಟರು ದೂರದ ಆ್ಯಪಲ್ಟನ್ ನನ್ನ ಊರು. ಫಾಕ್ಸ್ ನದಿಯ ಉದ್ದಕ್ಕೂ ಇರುವ ಕಾಗದದ ಗಿರಣಿಗಳ ಊಟದ ಕೋಣೆಗಳಲ್ಲಿ, ಕ್ಷೌರದ ಅಂಗಡಿಗಳಲ್ಲಿ, ಇಗರ್ಜಿಯ ಮೆಟ್ಟಿಲುಗಳ ಮೇಲೆ, ಸೋಮವಾರ ಬಂದಿತೆಂದರೆ ಭಾನುವಾರದ ಆಟದ ವಿಚಾರಣೆ ಪ್ರಾರಂಭವಾಗುತ್ತದೆ. ಆ ಮಾತಿನಲ್ಲಿ ನಾನು ಮೊದಲು ಗಮನಿಸಿದ ಸಂಗತಿಯೆಂದರೆ, ಯಾರೂ ತಂಡವನ್ನು ‘ಅವರು’ ಎನ್ನುವುದಿಲ್ಲ, ‘ನಾವು’ ಎನ್ನುತ್ತಾರೆ. ನಾವು ಅವನನ್ನು ಆರಿಸಬಾರದಿತ್ತು, ನಾವು ಆಗ ಒದೆಯಬಾರದಿತ್ತು, ಎಂದು ಎಂದೂ ಚೆಂಡನ್ನು ಮುಟ್ಟದವರು ಸಂಕಟಪಡುವುದನ್ನು ಕೇಳಿ ಹೊರಗಿನಿಂದ ಬಂದವನಿಗೆ ನಗೆ ಬರುವುದು ಸಹಜ. ಆದರೆ ಅವರ ಮಟ್ಟಿಗೆ ಅದು ನಗೆಯ ಮಾತಲ್ಲ.

ಈ ವಾದಕ್ಕೆ ಅತ್ಯಂತ ಪುಷ್ಟಿಕೊಡುವುದು ಡ್ರಾಫ್ಟ್ ಎಂಬ ಆಯ್ಕೆಯ ಪದ್ಧತಿ. ಪ್ರತಿ ವರ್ಷ ವಸಂತಕಾಲದಲ್ಲಿ, ಕಾಲೇಜುಗಳಲ್ಲಿ ಆಡಿ ಮುಗಿಸಿದ ತರುಣರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಗೆದ್ದ ತಂಡಕ್ಕೆ ಕೊನೆಯದು. ಬಲಿಷ್ಠನು ಇನ್ನಷ್ಟು ಬಲಿಷ್ಠನಾಗದಿರಲೆಂದು 1936ರಲ್ಲಿ ಪ್ರಾರಂಭಿಸಿದ ಏರ್ಪಾಟಿದು. ಈಗ ಇದು ಏಳು ಸುತ್ತುಗಳಲ್ಲಿ ನಡೆಯುತ್ತದೆ. ಆಗಸ್ಟ್ ತಿಂಗಳ ಕೊನೆಯ ವೇಳೆಗೆ ತಂಡದ ಪಟ್ಟಿ 53 ಮಂದಿಗೆ ಇಳಿಯಬೇಕು. ಉಳಿದವರು ಗಂಟುಮೂಟೆ ಕಟ್ಟಬೇಕು. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಹುಡುಗರ ಮೈಕಟ್ಟು, ಓಟದ ವೇಗ, ಜಿಗಿತದ ಎತ್ತರಗಳನ್ನೆಲ್ಲ ಅಳೆದು ಬರೆದಿಡುತ್ತಾರೆ. ಇಷ್ಟೆಲ್ಲ ಅಳೆದ ಮೇಲೂ ಯಾರು ಬೆಳೆದಾರು, ಯಾರು ಬಾಡಿಯಾರು ಎಂಬುದು ತಿಳಿಯದು. ಅಲ್ಲಿಯೇ ಚರ್ಚೆಯ ಬೇರು ಇದೆ.

ಪ್ಯಾಕರ್ಸ್ ತಂಡದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1956ರಲ್ಲಿ 17ನೆಯ ಸುತ್ತಿನಲ್ಲಿ, 199 ಮಂದಿಯನ್ನು ಆರಿಸಿ ಮುಗಿದ ಮೇಲೆ, 200ನೆಯವನಾಗಿ ಬಾರ್ಟ್ ಸ್ಟಾರ್ ಎಂಬ ತರುಣನನ್ನು ಆರಿಸಿಕೊಂಡರು. 1959ರಲ್ಲಿ ವಿನ್ಸ್ ಲೊಂಬಾರ್ಡಿ ಕೋಚ್ ಆಗಿ ಬಂದರು. ಇವರಿಬ್ಬರ ಕಾಲದಲ್ಲಿ, 1961ರಿಂದ 1967ರ ವರೆಗಿನ ಏಳು ವರ್ಷಗಳಲ್ಲಿ, ತಂಡ ಐದು ಬಾರಿ ಲೀಗಿನ ಚಾಂಪಿಯನ್ ಆಯಿತು. ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಉಂಟು. 1989ರಲ್ಲಿ ಎರಡನೆಯ ಸರದಿ ದೊರೆತಾಗ ಟೋನಿ ಮಾಂಡರಿಚ್ ಎಂಬ ದೈತ್ಯಕಾಯನನ್ನು ಆರಿಸಿಕೊಂಡರು. ಆ ವರ್ಷ ಮೊದಲ ಐದು ಸ್ಥಾನಗಳಲ್ಲಿ ಆಯ್ಕೆಯಾದ ಉಳಿದ ನಾಲ್ವರೂ ಕಾಲಾನಂತರ ಕೀರ್ತಿಭವನಕ್ಕೆ ಸೇರಿದರು. ಮಾಂಡರಿಚ್ ಒಬ್ಬರೇ ವಿಫಲರಾದರು. ನಮ್ಮ ಗಿರಣಿಯಲ್ಲಿ ಆ ಹೆಸರು ಎಷ್ಟೋ ವರ್ಷ ಬೈಗುಳವಾಗಿಯೇ ಉಳಿಯಿತು. ಅವರು ಮಾದಕ ವಸ್ತುಗಳ ಚಟವನ್ನು ಗೆದ್ದು, 1996ರಲ್ಲಿ ಇಂಡಿಯಾನಾಪೊಲಿಸ್ ತಂಡಕ್ಕೆ ಸೇರಿ, ಮೂರು ವರ್ಷ ಮರ್ಯಾದೆಯಿಂದ ಆಡಿದರೆಂಬುದನ್ನು ಬೈದವರಲ್ಲಿ ನೆನಪಿಟ್ಟುಕೊಂಡವರು ವಿರಳ.

ಕಾಯುವ ತಾಳ್ಮೆಯಿಲ್ಲದೆ ಭವಿಷ್ಯವನ್ನು ಅಡವಿಟ್ಟದ್ದೂ ಉಂಟು. 1974ರಲ್ಲಿ ಕೋಚ್ ಡ್ಯಾನ್ ಡಿವೈನ್ ಅವರು 34 ವರ್ಷದ ಜಾನ್ ಹ್ಯಾಡಲ್ ಎಂಬ ಕ್ವಾರ್ಟರ್‌ಬ್ಯಾಕನಿಗಾಗಿ ಮುಂದಿನ ಎರಡು ವರ್ಷಗಳ ಐದು ಸರದಿಗಳನ್ನು ಲಾಸ್ ಏಂಜಲಿಸ್ ತಂಡಕ್ಕೆ ಒಪ್ಪಿಸಿದರು. ಬಿತ್ತನೆಯ ಬೀಜವನ್ನೇ ಕುಟ್ಟಿ ಉಂಡಂತಾಯಿತು. ಮರುವರ್ಷ ಡಿವೈನ್ ಇರಲಿಲ್ಲ. ಅವರ ಸ್ಥಾನಕ್ಕೆ ಊರಿನ ಆರಾಧ್ಯಪುರುಷನಾದ ಬಾರ್ಟ್ ಸ್ಟಾರ್ ಅವರೇ ಕೋಚ್ ಆಗಿ ಬಂದರು. ಒಂಬತ್ತು ವರ್ಷ ದುಡಿದರೂ ಗೆಲುವುಗಳಿಗಿಂತ ಸೋಲುಗಳೇ ಹೆಚ್ಚಾಗಿ, 1983ರ ಕೊನೆಯಲ್ಲಿ ಅವರನ್ನೂ ಬಿಡುಗಡೆ ಮಾಡಲಾಯಿತು. ನಾನು ಆ ಊರಿಗೆ ಹೋದಾಗ ಜನರ ನಾಲಿಗೆಯ ಮೇಲೆ ಇದ್ದುದು ಈ ಕಥೆಗಳೇ.

ಈಚಿನ ಎರಡು ಆಯ್ಕೆಗಳಂತೂ ಮನೆಮನೆಯನ್ನೂ ಎರಡು ಪಕ್ಷಗಳಾಗಿ ಒಡೆದವು. 2005ರಲ್ಲಿ, ಬ್ರೆಟ್ ಫಾರ್ವ್ ಎಂಬ ಜನಪ್ರಿಯ ಕ್ವಾರ್ಟರ್‌ಬ್ಯಾಕ್ ಇನ್ನೂ ಆಡುತ್ತಿರುವಾಗಲೇ, ಆ್ಯರನ್ ರಾಜರ್ಸ್ ಎಂಬ ತರುಣನನ್ನು 24ನೆಯ ಸರದಿಯಲ್ಲಿ ಆರಿಸಿಕೊಂಡರು. ಆತ ಮೂರು ವರ್ಷ ಬದಿಯಲ್ಲಿ ಕುಳಿತು ಕಲಿತರು. 2008ರಲ್ಲಿ ಫಾರ್ವ್ ನಿವೃತ್ತಿಯನ್ನು ಹಿಂತೆಗೆದುಕೊಂಡು ಮರಳಿ ಬರುತ್ತೇನೆಂದಾಗ ಆಡಳಿತದವರು ಅವರನ್ನು ನ್ಯೂಯಾರ್ಕ್ ತಂಡವೊಂದಕ್ಕೆ ಕೊಟ್ಟುಬಿಟ್ಟರು. ಊರು ಕುದಿಯಿತು. ಆ ವರ್ಷ ತಂಡ ಆರು ಪಂದ್ಯಗಳನ್ನು ಗೆದ್ದು ಹತ್ತನ್ನು ಸೋತಾಗ, ಹಿಂದಿನಿಂದಲೂ ಹೇಳುತ್ತಿದ್ದವರೆಲ್ಲ ಎದೆಯುಬ್ಬಿಸಿ ನಡೆದರು. 2011ರ ಫೆಬ್ರುವರಿಯಲ್ಲಿ ಅದೇ ರಾಜರ್ಸ್ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟಾಗ ಅವರ ಧ್ವನಿ ಅಡಗಿತು. ಮುಂದೆ 2020ರಲ್ಲಿ ರಾಜರ್ಸ್ ಆಡುತ್ತಿರುವಾಗಲೇ, ಜನರಲ್ ಮ್ಯಾನೇಜರ್ ಬ್ರಯನ್ ಗುಟೆಕುನ್‌ಸ್ಟ್ ಅವರು ಸರದಿಯಲ್ಲಿ ಮೇಲಕ್ಕೇರಿ ಜೋರ್ಡನ್ ಲವ್ ಎಂಬ ತರುಣನನ್ನು 26ನೆಯವನಾಗಿ ಆರಿಸಿದರು. ಚೆಂಡು ಹಿಡಿಯುವ ಸಹಾಯಕನೊಬ್ಬ ಬೇಕೆಂದು ಜನ ಹಾತೊರೆಯುತ್ತಿದ್ದ ಕಾಲ ಅದು. ಆತ ಒಂದು ಪಂದ್ಯವನ್ನೂ ಆಡುವ ಮೊದಲೇ ಆತನ ಮೇಲೆ ತೀರ್ಪು ಹೊರಬಿದ್ದಿತ್ತು. ಮೂರು ವರ್ಷ ಆತನೂ ಕಾದರು. 2023ರಲ್ಲಿ ರಾಜರ್ಸ್ ಹೋದ ಮೇಲೆ ತಂಡದ ಚುಕ್ಕಾಣಿ ಹಿಡಿದು, ಮೊದಲ ಏಳು ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದರು. ಆದರೆ 2024ರ ಜನವರಿಯಲ್ಲಿ ಬಲಿಷ್ಠವಾದ ಡಲ್ಲಾಸ್ ತಂಡವನ್ನು ಅದರ ಅಂಗಣದಲ್ಲಿಯೇ 48–32ರಿಂದ ಸೋಲಿಸಿದರು. ನನ್ನ ಮಿತ್ರರಾದ ಆ ವೃದ್ಧ ಕಾರ್ಮಿಕರು ಮಾತ್ರ ಈ ಎಲ್ಲ ವರ್ಷಗಳಲ್ಲಿ ಒಂದೇ ಮಾತನ್ನು ಹೇಳುತ್ತಿದ್ದರು: ಹುಡುಗನಿಗೆ ಮೂರು ಚಳಿಗಾಲ ಕೊಡಿ, ಆಮೇಲೆ ಬೈಯಿರಿ.

ಕೋಚ್‌ಗಳ ನಿರ್ಧಾರವನ್ನು ಕುರಿತ ಚರ್ಚೆ ಇನ್ನೂ ಸೂಕ್ಷ್ಮವಾದುದು. ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡೋಣ. 1967ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ಶೂನ್ಯಕ್ಕಿಂತ ಸುಮಾರು 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಡಲ್ಲಾಸ್ ಮೂರು ಅಂಕಗಳಿಂದ ಮುಂದಿದೆ. ಆಟ ಮುಗಿಯಲು 16 ಸೆಕೆಂಡು, ಗೆರೆಗೆ ಒಂದು ಗಜಕ್ಕೂ ಕಡಿಮೆ ದೂರ. ಚೆಂಡನ್ನು ಒದ್ದು ಮೂರು ಅಂಕ ಪಡೆದಿದ್ದರೆ ಸಮಬಲವಾಗುತ್ತಿತ್ತು. ಲೊಂಬಾರ್ಡಿ ಒದೆಯಲಿಲ್ಲ, ಸ್ಟಾರ್ ಹೆಪ್ಪುಗಟ್ಟಿದ ನೆಲದ ಮೇಲೆ ಚೆಂಡಿನೊಡನೆ ನುಗ್ಗಿ ಗೆರೆಯನ್ನು ದಾಟಿದರು. 2021ರ ಜನವರಿಯಲ್ಲಿ ಅದೇ ಅಂಗಣದಲ್ಲಿ, ಟ್ಯಾಂಪಾ ಬೇ ತಂಡಕ್ಕಿಂತ ಎಂಟು ಅಂಕ ಹಿಂದಿರುವಾಗ, ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯ ಉಳಿದಿರುವಾಗ, ಎಂಟು ಗಜ ದೂರದಿಂದ ನಾಲ್ಕನೆಯ ಪ್ರಯತ್ನಕ್ಕೆ ಬದಲಾಗಿ ಕೋಚ್ ಮ್ಯಾಟ್ ಲಫ್ಲೋರ್ ಒದೆಯಿಸಿದರು. ಮೂರು ಅಂಕ ಬಂದವು. ಚೆಂಡು ಮತ್ತೆ ಕೈಗೆ ಬರಲಿಲ್ಲ. ತಂಡ 31–26ರಿಂದ ಸೋತಿತು. ಮೊದಲನೆಯದು ಧೈರ್ಯವೆಂದು ಹೆಸರಾಯಿತು, ಎರಡನೆಯದು ಹೇಡಿತನವೆಂದು.

ಆದರೆ ಸ್ಟಾರ್ ಅವರ ಕಾಲು ಆ ಹಿಮದ ಮೇಲೆ ಜಾರಿದ್ದರೆ? ಮತ್ತೆ ಆಡಲು ಸಮಯವಿರಲಿಲ್ಲ. ಲೊಂಬಾರ್ಡಿಯವರನ್ನು ಊರು ಹಠಮಾರಿಯೆಂದೇ ನೆನೆಯುತ್ತಿತ್ತೇನೋ. ಹಿಂದಿನ ಮೂರು ಪ್ರಯತ್ನಗಳೂ ವಿಫಲವಾಗಿದ್ದುದನ್ನು ಕಂಡ ಲಫ್ಲೋರ್, ತಮ್ಮ ರಕ್ಷಣಾಪಡೆ ಚೆಂಡನ್ನು ಮರಳಿ ತಂದುಕೊಟ್ಟೀತೆಂದು ಎಣಿಸಿದ್ದು ಬುದ್ಧಿಗೆ ನಿಲುಕದ ಎಣಿಕೆಯೇನಲ್ಲ. ನನ್ನ ಸ್ವಂತ ಅಭಿಪ್ರಾಯದಲ್ಲಿ ಅವರು ಒದೆಯಬಾರದಿತ್ತು. ಏಕೆಂದರೆ ಮೂರು ಅಂಕ ಬಂದ ಮೇಲೆಯೂ ಗೆರೆಯನ್ನು ಮುಟ್ಟದೆ ಗೆಲುವಿರಲಿಲ್ಲ. ಆದರೆ ಹಾಗೆ ಹೇಳುವುದಾದರೆ ಒದೆಯುವ ಮೊದಲೇ ಹೇಳಬೇಕು. ಫಲವನ್ನು ನೋಡಿಕೊಂಡು ನಿರ್ಧಾರಕ್ಕೆ ಬೆಲೆ ಕಟ್ಟುವುದು ವಿಮರ್ಶೆಯಲ್ಲ. ನಿರ್ಧರಿಸುವವನಿಗೆ ಆ ಗಳಿಗೆಯಲ್ಲಿ ಏನು ತಿಳಿದಿತ್ತೋ ಅಷ್ಟನ್ನೇ ತಾನೂ ತಿಳಿದವನಂತೆ ನಿಂತು ಯೋಚಿಸಬಲ್ಲ ಅಭಿಮಾನಿಯ ಮಾತಿಗೆ ತೂಕವಿರುತ್ತದೆ. ನಾಲ್ಕು ದಶಕಗಳಲ್ಲಿ ಅಂಥವರನ್ನು ನಾನು ಕೆಲವರನ್ನಾದರೂ ಕಂಡಿದ್ದೇನೆ. ಅವರ ಧ್ವನಿ ಸಾಮಾನ್ಯವಾಗಿ ದೊಡ್ಡದಾಗಿರುವುದಿಲ್ಲ.

ಇನ್ನು ಹಕ್ಕಿನ ಮಾತು. ಹಣಕೊಟ್ಟು ಲಾಭವನ್ನು ಬಯಸದ ಪಾಲುಗಾರನಿಗೆ ಟೀಕಿಸುವ ಹಕ್ಕು ಇಲ್ಲವೆನ್ನಲಾದೀತೆ? ಖಂಡಿತವಾಗಿಯೂ ಉಂಟು, ಅವನು ಮೌನಿಯಾದ ದಿನ ಆ ಸಣ್ಣ ಊರಿನಲ್ಲಿ ತಂಡ ಉಳಿಯಲಾರದು. ಆದರೆ ಅವನು ಕೊಂಡದ್ದು ತಂಡದ ಬಾಳನ್ನು. ಆಟಗಾರನ ಮೇಲಿನ ಅಧಿಕಾರವನ್ನಲ್ಲ. ಸಂಸ್ಥೆಗಳಿಗೆ ದಾನ ಕೊಡುವ ಮಹನೀಯರು ಈ ವ್ಯತ್ಯಾಸವನ್ನು ಅನುಭವದಿಂದಲೇ ಬಲ್ಲರು. ಕಟ್ಟಡಕ್ಕೆ ಕಲ್ಲು ಕೊಟ್ಟವರು ಲೆಕ್ಕ ಕೇಳಬಹುದು, ಸಲಹೆ ಕೊಡಬಹುದು, ಮುನಿಯಲೂಬಹುದು. ತರಗತಿಯೊಳಗೆ ಹೋಗಿ ಹುಡುಗನ ಹಣೆಬರಹವನ್ನು ಬರೆಯಲು ಹೋಗುವುದಿಲ್ಲ.

ಶಾಲೆಗೂ ತಂಡಕ್ಕೂ ಒಂದು ದೊಡ್ಡ ಅಂತರವಿರುವುದನ್ನು ಇಲ್ಲಿ ಹೇಳಲೇಬೇಕು. ತಂಡದಲ್ಲಿ 53 ಸ್ಥಾನಗಳಷ್ಟೆ, 54ನೆಯವನನ್ನು ಕಳುಹಿಸಲೇಬೇಕು. ಗೆಲ್ಲುವುದಕ್ಕಾಗಿಯೇ ಹುಟ್ಟಿದ ಸಂಸ್ಥೆಯ ನಿಷ್ಠುರವಾದ ನಿಯಮವಿದು. ಅದನ್ನು ದೂರಿ ಫಲವಿಲ್ಲ. ಶಾಲೆಗೆ ಅಂಥ ನಿರ್ಬಂಧವಿಲ್ಲ. ಆದರೂ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೊಸ ಮುಖಗಳನ್ನು ನೋಡಿ, ಇವನು ಆದಾನು, ಇವನು ಆಗಲಾರನು ಎಂದು ನಮ್ಮ ಮನಸ್ಸು ಒಳಗೊಳಗೇ ಡ್ರಾಫ್ಟ್ ನಡೆಸುತ್ತಿರುತ್ತದಲ್ಲವೆ? ಅಳತೆಯ ಪಟ್ಟಿಯನ್ನೂ ಗಡಿಯಾರವನ್ನೂ ಹಿಡಿದ ಪರಿಣತರೇ 199 ಮಂದಿಯ ತರುವಾಯ ಬಾರ್ಟ್ ಸ್ಟಾರ್ ಅವರನ್ನು ಕಂಡುಕೊಂಡರು. ಅಂಕಪಟ್ಟಿಯೊಂದನ್ನೇ ಹಿಡಿದ ನಾವು ಅವರಿಗಿಂತ ಬೇಗನೆ ತೀರ್ಪು ಕೊಡುವುದು ನ್ಯಾಯವಾಗಲಾರದು.

2025ರ ಏಪ್ರಿಲ್ ತಿಂಗಳಲ್ಲಿ ಇಡೀ ಲೀಗಿನ ಡ್ರಾಫ್ಟ್ ಸಮಾರಂಭವೇ ಗ್ರೀನ್ ಬೇಯಲ್ಲಿ ನಡೆಯಿತು. ಊರಿನ ಜನಸಂಖ್ಯೆಗಿಂತ ಎಷ್ಟೋ ಪಾಲು ಹೆಚ್ಚು ಜನ ಆ ಮೂರು ದಿನ ಅಲ್ಲಿ ನೆರೆದಿದ್ದರು. ಚೆಂಡು ಹಿಡಿಯುವ ಆಟಗಾರನೊಬ್ಬನನ್ನು 2002ರ ತರುವಾಯ ಮೊದಲ ಬಾರಿಗೆ ಮೊದಲ ಸುತ್ತಿನಲ್ಲಿ ಪ್ಯಾಕರ್ಸ್ ಆರಿಸಿಕೊಂಡಾಗ ಎದ್ದ ಹರ್ಷಧ್ವನಿ ಅಷ್ಟಿಷ್ಟಲ್ಲ. ಮ್ಯಾಥ್ಯೂ ಗೋಲ್ಡನ್ ಎಂಬ ಆ ತರುಣನ ಯೋಗ್ಯತೆಯನ್ನು ಕುರಿತ ವಾದ ಮರುದಿನ ಬೆಳಿಗ್ಗೆಯೇ ಪ್ರಾರಂಭವಾಯಿತು. ಅದು ನಿಲ್ಲತಕ್ಕದ್ದೂ ಅಲ್ಲ, ನಿಲ್ಲಬೇಕಾದದ್ದೂ ಅಲ್ಲ. ತನ್ನದೆಂದು ತಿಳಿದವರಿಗೇ ಆ ಕಳವಳ. ಆ ಕಳವಳಕ್ಕೆ ಒಂದಿಷ್ಟು ತಾಳ್ಮೆ ಸೇರಿದರೆ ಸಣ್ಣ ಊರೊಂದು ನೂರು ವರ್ಷ ಒಂದು ತಂಡವನ್ನು ಸಾಕಬಲ್ಲದು. ಅಂಥ ಊರೊಂದು ಒಂದು ಶಾಲೆಯನ್ನು ಸಾಕಿದುದನ್ನು ಈ ಸಂಚಿಕೆಯ ವಾಚಕರು ಕಣ್ಣಾರೆ ಕಂಡಿದ್ದಾರೆ.