ಅಜ್ಜ ತೊಳೆದ ಮರಳು

ನಾನು ಕುಂದಾಪುರದ ಕಡೆಯವನು. ಕಡಲ ದಂಡೆಯಲ್ಲೇ ಆಡಿ ಬೆಳೆದವನು. ಮರಳಿನ ವಿಷಯದಲ್ಲಿ ಆರನೇ ತರಗತಿಯ ಹುಡುಗಿಯಿಂದ ಪಾಠ ಹೇಳಿಸಿಕೊಳ್ಳಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಪುಟ್ಟಿಗೆ ಉಪ್ಪುನೀರಿನ ಮೀನಿನ ತೊಟ್ಟಿ ಬೇಕೆನಿಸಿತು. ಹುಟ್ಟುಹಬ್ಬಕ್ಕೆ, ಹಬ್ಬಕ್ಕೆ ಬಂದ ಹಣವನ್ನೆಲ್ಲ ಅವಳು ಕೂಡಿಟ್ಟಿದ್ದಳು. ಬೆಂಗಳೂರಿನ ನಮ್ಮ ಮನೆಯ ಹಜಾರಕ್ಕೆ ಮೂರಡಿ ಉದ್ದದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಗಾಜಿನ ತೊಟ್ಟಿ ಬಂತು. ಅದಕ್ಕೆ ಹತ್ತಿರ ಹತ್ತಿರ 190 ಲೀಟರ್ ನೀರು ಹಿಡಿಯುತ್ತದೆ. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣ ಕರಗಿಸಬೇಕು. ಅಡುಗೆ ಉಪ್ಪು ಆಗುವುದಿಲ್ಲ. ಇಷ್ಟರವರೆಗೆ ಎಲ್ಲ ಸರಿಯಾಯಿತು. ತಳಕ್ಕೆ ಏನು ಹಾಸುವುದು ಎನ್ನುವಲ್ಲಿ ತಕರಾರು ಶುರುವಾಯಿತು.

"ಅದಕ್ಕೇನು, ಊರಿಂದ ಮರಳು ತಂದರಾಯಿತು" ಎಂದೆ ನಾನು. ದಂಡೆಯಿಂದ ಮರಳು ಹೊತ್ತು ತರಲು ಕಾನೂನಿನ ಅಡ್ಡಿ ಇದೆ ಎಂದು ಮಗ ಎಚ್ಚರಿಸಿದ. ಹಾಗಾಗಿ ಊರಿಗೆ ಹೋದಾಗ ಪರೀಕ್ಷೆಗೆಂದು ಒಂದು ಮುಷ್ಟಿಯನ್ನಷ್ಟೆ ತಿಂಡಿಡಬ್ಬಿಯಲ್ಲಿ ತಂದೆ. ಪುಟ್ಟಿ ಅದನ್ನು ತಟ್ಟೆಗೆ ಸುರಿದು ನಿಂಬೆಹಣ್ಣು ಹಿಂಡಿದಳು. ಅಲ್ಲೊಂದು ಇಲ್ಲೊಂದು ಚಿಪ್ಪಿನ ಚೂರು ಸಣ್ಣಗೆ ನೊರೆಗುಟ್ಟಿತು. ಉಳಿದ ಮರಳು ಸುಮ್ಮನಿತ್ತು. ಅಯಸ್ಕಾಂತ ಹಿಡಿದಾಗ ಕೆಲವು ಕಪ್ಪು ಕಣಗಳು ಬಂದು ಅಂಟಿಕೊಂಡವು.

"ಅಜ್ಜ, ನಿನ್ನ ಮರಳಲ್ಲಿ ಸುಣ್ಣವೇ ಇಲ್ಲ!"

ಅವಳು ಹೇಳಿದ್ದು ನಿಜ. ನಮ್ಮ ದಂಡೆಯ ಮರಳು ಹೆಚ್ಚಾಗಿ ಘಟ್ಟದ ಕಡೆಯಿಂದ ಹೊಳೆಗಳು ತಂದ ಕಲ್ಲಿನ ಪುಡಿ. ಹವಳದ ದಿಬ್ಬಗಳಿರುವ ಲಕ್ಷದ್ವೀಪದಂಥ ಕಡೆ ಮರಳು ಬೇರೆ. ಅದು ಹವಳದ, ಚಿಪ್ಪಿನ ಪುಡಿ, ಅಂದರೆ ಸುಣ್ಣದ ಕಲ್ಲಿನ ಜಾತಿ. ಗಿಳಿಮೀನು ಎಂಬುದೊಂದು ಹವಳದ ಬಂಡೆಯನ್ನು ಕಚ್ಚಿ, ಅರೆದು, ಹಿಂದಿನಿಂದ ಬಿಳಿ ಮರಳಾಗಿ ಹೊರಹಾಕುತ್ತದೆ. ಇದನ್ನು ಕೇಳಿ ಮನೆಯಲ್ಲಿ ಎರಡು ದಿನ ನಗುವೋ ನಗು. ಮಕ್ಕಳೇ, ನಿಮ್ಮ ಮನೆಯಲ್ಲೂ ಮೊಟ್ಟೆಯ ಸಿಪ್ಪೆಗೆ ನಿಂಬೆರಸ ಹಿಂಡಿ ನೋಡಿ, ಅದೇ ನೊರೆ ಬರುತ್ತದೆ. ನನ್ನ ಅಜ್ಜಿ ವೀಳ್ಯಕ್ಕೆ ಹಚ್ಚುತ್ತಿದ್ದ ಸುಣ್ಣವೂ ಚಿಪ್ಪು ಸುಟ್ಟು ಮಾಡಿದ್ದೇ.

ಅಂಗಡಿಗೆ ಹೋದೆವು. ಅಲ್ಲಿ ಮೊದಲು ತೋರಿಸಿದ್ದು ಹವಳದ ಚೂರುಗಳನ್ನು. ಪುಟ್ಟಿ ಬೇಡವೇ ಬೇಡ ಎಂದಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಹುಲಿ ಆನೆಗಳಿರುವ ಪಟ್ಟಿಯಲ್ಲೇ, ದಿಬ್ಬ ಕಟ್ಟುವ ಹವಳಗಳೂ 2001ರಿಂದ ಸೇರಿವೆ. ಗಟ್ಟಿ ಹವಳ ಸಾಕುವ ಆಸೆಯನ್ನೂ ಆಗಲೇ ಬಿಟ್ಟೆವು. ಅಣಬೆಯಂಥ ಮೆದು ಹವಳ ಒಂದೆರಡು ಸಾಕು ಎಂದುಕೊಂಡೆವು.

ಎರಡನೆಯದು ಅರಗೊನೈಟ್ ಎಂಬ ಬಿಳಿ ಮರಳು. ಬಹಾಮಾಸ್ ದ್ವೀಪಗಳ ಬೆಚ್ಚನೆಯ, ಆಳವಿಲ್ಲದ ಕಡಲಿನಲ್ಲಿ ನೀರಿನ ಸುಣ್ಣವೇ ಸಣ್ಣ ಕಣಗಳ ಸುತ್ತ ಪದರ ಪದರವಾಗಿ ಕಟ್ಟಿ, ಉರುಳಿ ಉರುಳಿ ಗುಂಡಗಾಗುವ ಮರಳು ಇದು. ಇದಕ್ಕಾಗಿ ಯಾವ ಹವಳವನ್ನೂ ಒಡೆಯಬೇಕಿಲ್ಲ. ಆದರೆ ಬೆಲೆ ಕೇಳಿ ನನಗೆ ಕೆಮ್ಮು ಬಂತು. ಮೂರನೆಯದು ಒಡೆದ ಚಿಪ್ಪಿನ ಜಲ್ಲಿ, ಕಡಲೆಬೇಳೆ ಗಾತ್ರದ್ದು, ಬೆಲೆ ಮೂರನೇ ಒಂದು ಪಾಲು. "ಎರಡೂ ಸುಣ್ಣವೇ ತಾನೆ?" ಎಂದು ನಾನು ಜಲ್ಲಿಯನ್ನೇ ಹಾಕಿಸಿದೆ. ಪುಟ್ಟಿ ಏನೋ ಹೇಳಹೊರಟಳು. ನಾನು ಕೇಳಿಸಿಕೊಳ್ಳಲಿಲ್ಲ.

ಎಂಟು ತಿಂಗಳು ಕಳೆಯಿತು. ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನುಗಳು ಆಡಿಕೊಂಡಿದ್ದವು. ಆದರೆ ಜಲ್ಲಿಯ ಸಂದುಗಳಲ್ಲಿ ಉಳಿದ ಆಹಾರ, ಹಿಕ್ಕೆ ಎಲ್ಲ ಇಳಿದು ಕಂದು ಕೊಳೆ ತುಂಬಿತು. ಪುಟ್ಟಿ ಶಾಲೆಯ ಪ್ರವಾಸಕ್ಕೆಂದು ಮೂರು ದಿನ ಹೋದಾಗ ನನಗೊಂದು ಹುಮ್ಮಸ್ಸು. ಬರುವಷ್ಟರಲ್ಲಿ ಫಳಫಳ ಮಾಡಿಬಿಡೋಣ! ಜಲ್ಲಿಯನ್ನೆಲ್ಲ ಬಕೆಟ್ಟಿಗೆ ತೋಡಿಕೊಂಡು, ನಲ್ಲಿಯ ನೀರಿನಲ್ಲಿ ಅಕ್ಕಿ ತೊಳೆದ ಹಾಗೆ ಏಳೆಂಟು ಸಲ ತಿಕ್ಕಿ ತೊಳೆದೆ. ಮಲ್ಲಿಗೆಯಂತೆ ಬೆಳ್ಳಗಾಯಿತು. ಮತ್ತೆ ಹಾಸಿದೆ. ಸೊಸೆ ಕೂಡ ಮೆಚ್ಚಿದಳು.

ಮರುದಿನ ನೀರು ಮಜ್ಜಿಗೆನೀರಿನಂತೆ ಮಬ್ಬಾಯಿತು. ಮೀನುಗಳು ಮೇಲೆ ಬಂದು ಏದುಸಿರು ಬಿಡತೊಡಗಿದವು. ಮೂರನೇ ದಿನ ಬೆಳಿಗ್ಗೆ ಚಿಕ್ಕ ಮೀನು ಮಗ್ಗುಲಾಗಿ ತೇಲುತ್ತಿತ್ತು.

ಅಂಗಡಿಯವರಿಗೆ ಫೋನು ಮಾಡಿದೆ. "ನಲ್ಲಿ ನೀರಲ್ಲಿ ತೊಳೆದಿರಾ ಸರ್?" ಎಂದು ಕೇಳಿ ಅವರು ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ತಿಳಿಸಿ ಹೇಳಿದರು. ಮೀನಿನ ಮೈಯಿಂದ, ಹಿಕ್ಕೆಯಿಂದ ಅಮೋನಿಯಾ ಹೊರಡುತ್ತದೆ. ಅದು ಮೀನಿಗೆ ವಿಷ. ಮರಳಿನ ಒಂದೊಂದು ಕಣಕ್ಕೂ, ಕಲ್ಲಿಗೂ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ನಲ್ಲಿ ನೀರಿನ ಕ್ಲೋರಿನ್ ಮತ್ತು ನನ್ನ ತಿಕ್ಕಾಟ ಸೇರಿ ಎಂಟು ತಿಂಗಳಿನಿಂದ ಆ ಕೆಲಸ ಮಾಡಿಕೊಂಡಿದ್ದವುಗಳನ್ನು ಒಂದೇ ಮಧ್ಯಾಹ್ನದಲ್ಲಿ ಕೊಂದಿದ್ದವು. ನಾನು ತೊಳೆದದ್ದು ಕೊಳೆಯನ್ನಷ್ಟೇ ಅಲ್ಲ.

ಸಂಜೆ ಪುಟ್ಟಿ ಬಂದಳು. ಚೀಲ ಇಳಿಸುವ ಮೊದಲೇ ತೊಟ್ಟಿಯ ಹತ್ತಿರ ಹೋದಳು. ನಾನೇ ಹೇಳಿದೆ. ಅವಳು ಅಳಲಿಲ್ಲ. "ಅಜ್ಜ, ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ನೀನು" ಎಂದಳು, ಅಷ್ಟೆ. ಐದು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ರಾತ್ರಿ ಹತ್ತರವರೆಗೆ ಕೂತ ದಿನಗಳಿದ್ದವು. ಆಗಲೂ ಹಾಗೆ ಎದೆ ಭಾರವಾದದ್ದು ನೆನಪಿಲ್ಲ.

ಆರನೇ ದಿನ ನಾನೇ ಕೇಳಿದೆ, "ಹೇಳು, ಈ ಸಲ ತಳಕ್ಕೆ ಏನು ಹಾಕೋಣ?"

ಅವಳು ನೋಟುಪುಸ್ತಕ ತಂದಳು. "ಮೊದಲು ಯಾವ ಮೀನು ಅಂತ ಹೇಳ್ಬೇಕು ಅಜ್ಜ, ಆಮೇಲೆ ಮರಳು." ಅವಳಿಗೆ ಬೇಕಾಗಿದ್ದದ್ದು ಕಾವಲುಗಾರ ಗೋಬಿ (ಮಂಚೂರಿಯ ಗೋಬಿ ಅಲ್ಲ!) ಮತ್ತು ಅದರ ಗೆಳೆಯ ಪಿಸ್ತೂಲು ಸಿಗಡಿ. ಸಿಗಡಿಗೆ ಕಣ್ಣು ಮಂಜು, ಆದರೆ ಬಿಲ ತೋಡುವುದರಲ್ಲಿ ನಿಸ್ಸೀಮ. ಗೋಬಿ ಬಿಲದ ಬಾಯಲ್ಲಿ ಕಾವಲು ನಿಲ್ಲುತ್ತದೆ. ಸಿಗಡಿ ತನ್ನ ಮೀಸೆಯನ್ನು ಗೋಬಿಯ ಮೈಮೇಲೆ ಇಟ್ಟುಕೊಂಡೇ ಹೊರಗೆ ಬರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ.

ಹವಳ ಮಾತ್ರ ಸಾಕುವ ಎಷ್ಟೋ ಅನುಭವಸ್ಥರು ತಳಕ್ಕೆ ಏನನ್ನೂ ಹಾಕುವುದಿಲ್ಲವಂತೆ. ಬರಿಗಾಜಾದರೆ ಕೊಳೆಯನ್ನು ಸುಲಭವಾಗಿ ಎಳೆದು ತೆಗೆಯಬಹುದು. ಆದರೆ ಬರಿಗಾಜಿನಲ್ಲಿ ಸಿಗಡಿ ಬಿಲ ತೋಡುವುದೆಲ್ಲಿ? ಸಕ್ಕರೆಯಂಥ ನಯ ಮರಳಾದರೆ ಪಂಪಿನ ಸೆಳೆತಕ್ಕೆ ಹಾರಿ ಹವಳದ ಮೇಲೆ ಕೂರುತ್ತದೆ. ನಾಲ್ಕು ಅಂಗುಲಕ್ಕಿಂತ ದಪ್ಪ ಹಾಸಿದರೆ ಅಡಿಯಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ನೈಟ್ರೇಟನ್ನೂ ಗಾಳಿಯಾಗಿ ಬಿಡಿಸುವ ಬೇರೆ ಬ್ಯಾಕ್ಟೀರಿಯಾಗಳಿರುತ್ತವೆ ನಿಜ. ಆದರೆ ನನ್ನಂಥವನು ಕೈಹಾಕಿ ಕಲಕಿದರೆ ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ ಹೊರಟೀತು. ಕೊನೆಗೆ ಒಂದು ಮಿಲಿಮೀಟರ್ ಆಸುಪಾಸಿನ ಅರಗೊನೈಟ್, ಎರಡಂಗುಲ ದಪ್ಪ ಎಂದು ತೀರ್ಮಾನವಾಯಿತು. ಎಷ್ಟು ಬೇಕೆಂದು ನಾನು ಲೆಕ್ಕ ಹಾಕಿದೆ: ಸುಮಾರು 30 ಕಿಲೊ. ಈ ಮರಳು ನೀರಿನ ಪಿಎಚ್ಚನ್ನು ತಾನೇ ಕಾಯುತ್ತದೆ ಎಂದು ಅಂಗಡಿಯವರು ಹೇಳಿದ್ದನ್ನು ಮಾತ್ರ ಪೂರ್ತಿ ನಂಬಬೇಡಿ. ಕಡಲ ನೀರಿನ ಮಟ್ಟ 8.1ರ ಹತ್ತಿರ, ಅಲ್ಲಿ ಇದು ಕರಗುವುದು ಬಹಳ ಕಡಿಮೆ.

ಸಿಗಡಿಗೆ ಬಿಲದ ಚಾವಣಿಗೆ ತೊಲೆ ಬೇಕಲ್ಲ? ಅದಕ್ಕೆಂದು ಹಳೆಯ ಜಲ್ಲಿಯಲ್ಲಿ ಎರಡು ಮುಷ್ಟಿ ಬೆರೆಸಲು ಪುಟ್ಟಿ ಒಪ್ಪಿದಳು. ಕಲ್ಲುಗಳನ್ನು ಮೊದಲು ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿದೆವು. ಮರಳಿನ ಮೇಲೆ ಕಲ್ಲಿಟ್ಟರೆ ಸಿಗಡಿ ಅಡಿಪಾಯ ತೋಡಿ ಬೀಳಿಸೀತು. ಉಳಿದೊಂದು ಕ್ಲೌನ್ ಮೀನನ್ನು ಅಂಗಡಿಯವರೇ ಒಂದೂವರೆ ತಿಂಗಳು ತಮ್ಮ ತೊಟ್ಟಿಯಲ್ಲಿ ಇಟ್ಟುಕೊಂಡರು. ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ಅಷ್ಟು ದಿನ ಕಾಯಬೇಕಾಯಿತು. ಅಮೋನಿಯಾ ಸೊನ್ನೆಗೆ ಇಳಿಯುವವರೆಗೆ ದಿನವೂ ಅಳೆದು ಬರೆದಿಡುವ ಕೆಲಸ ನನ್ನದು. ಆ ಲೆಡ್ಜರ್ ಈಗಲೂ ಇದೆ.

ಸಿಗಡಿ ಬಂದ ಮೂರೇ ದಿನಕ್ಕೆ ಮುಂದಿನ ಗಾಜಿನ ಪಕ್ಕದಲ್ಲೇ ಬಿಲ ಮಾಡಿತು. ರಾತ್ರಿ ಹಜಾರದಿಂದ ಅದರ ಕೊಂಡಿಯ "ಟಕ್" ಸದ್ದು ಕೇಳಿಸುತ್ತದೆ. ಮೊನ್ನೆ ಬೆಳಿಗ್ಗೆ ಕಾಫಿ ಹಿಡಿದು ನೋಡುತ್ತಿದ್ದೆ. ಬಿಲದ ಬಾಯಿಗೆ ಅಡ್ಡ ಇಟ್ಟಿದ್ದ ತೊಲೆ, ನಾನು ಅಂದು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ ಚಿಪ್ಪಿನ ಚೂರು. ಪುಟ್ಟಿಯನ್ನು ಕರೆದು ತೋರಿಸಿದೆ. ಅವಳು ಗಾಜಿಗೆ ಮೂಗೊತ್ತಿ ನೋಡಿದಳು.

"ಈಗ ಬೆಳ್ಳಗಿಲ್ಲ ಅಜ್ಜ, ನೋಡು. ಮೇಲೆಲ್ಲ ನೇರಳೆ ಪಾಚಿ ಹಿಡಿದಿದೆ. ಅದನ್ನ ಮಾತ್ರ ತೊಳೀಬೇಡ!"