ಉಗುರುಬೆಚ್ಚಗಿನ ನೀರು



ಕರೆಂಟು ಹೋಗುವುದು ಧಾರವಾಡದ ಕಡೆ ಬೆಳೆದ ನನಗೆ ಹೊಸದೇನಲ್ಲ. ಲೋಡ್ ಶೆಡ್ಡಿಂಗ್ ಹೊತ್ತಿಗೆ ಸರಿಯಾಗಿ ಅಜ್ಜಿ ಕಂದೀಲಿನ ಗಾಜು ಒರೆಸಿ ಇಡುತ್ತಿದ್ದರು. ನಾವು ಮಕ್ಕಳು ಅದರ ಸುತ್ತ ಕುಳಿತು ಮಗ್ಗಿ ಹೇಳುತ್ತಿದ್ದೆವು. ಅಂಥ ನಾನು ಡೆಟ್ರಾಯಿಟ್ ಬಳಿಯ ನಮ್ಮ ಮನೆಯಲ್ಲಿ ಕರೆಂಟು ಹೋದಾಗ ಕಂಗಾಲಾದೆ. ಕಾರಣ, ಒಂದು ಗಾಜಿನ ತೊಟ್ಟಿ ಮತ್ತು ಅದರೊಳಗಿನ ಹದಿನಾಲ್ಕು ಮೀನುಗಳು.

2022ರ ಬೇಸಿಗೆಯಲ್ಲಿ ಮಗನನ್ನು ಬೆಲ್ ಐಲ್ ದ್ವೀಪದ ಅಕ್ವೇರಿಯಂಗೆ ಕರೆದುಕೊಂಡು ಹೋಗಿದ್ದೆವು. 1904ರಲ್ಲಿ ಆರಂಭವಾದ ಈ ಮತ್ಸ್ಯಾಲಯ 2005ರಲ್ಲಿ ಮುಚ್ಚಿ, 2012ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅದರ ಹಸಿರು ಕಮಾನಿನ ಕೆಳಗೆ ನಿಂತಾಗಲೇ ಮಗ ಮೀನು ಬೇಕೆಂದು ಹಟ ಹಿಡಿದ. ಮನೆಗೆ 20 ಗ್ಯಾಲನ್ (ಸುಮಾರು 75 ಲೀಟರ್) ನೀರಿನ ತೊಟ್ಟಿ ಬಂತು. ಅದರಲ್ಲಿ ಎಂಟು ನಿಯಾನ್ ಟೆಟ್ರಾ, ಆರು ಗಪ್ಪಿ. ಗಪ್ಪಿ ನನಗೆ ಹಳೆಯ ಪರಿಚಯ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನಮ್ಮೂರ ಬಾವಿಗೆ ಆರೋಗ್ಯ ಇಲಾಖೆಯವರು ಬಿಟ್ಟಿದ್ದು ಇದೇ ಮೀನನ್ನು. ಎರಡೂ ದಕ್ಷಿಣ ಅಮೆರಿಕದ ಬೆಚ್ಚಗಿನ ನೀರಿನ ಜೀವಿಗಳು. ಆದ್ದರಿಂದ ಹೀಟರ್ ಹಗಲೂ ರಾತ್ರಿ ನೀರನ್ನು 78 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಡುತ್ತಿತ್ತು. ಅಂದರೆ ಸುಮಾರು 26 ಡಿಗ್ರಿ ಸೆಲ್ಸಿಯಸ್.

2023ರ ಫೆಬ್ರುವರಿ 22, ಬುಧವಾರ. ಬಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ, ಮರದ ಒಂದೊಂದು ಕೊಂಬೆಗೂ ಗಾಜು ಹೊದಿಸಿದಂತಾಯಿತು. ನೋಡಲು ಏನೋ ಚೆಂದ! ರಾತ್ರಿ ಆ ಭಾರಕ್ಕೆ ಕೊಂಬೆಗಳು ಲಟಲಟನೆ ಮುರಿದು ತಂತಿಗಳ ಮೇಲೆ ಬಿದ್ದವು. ಆಗ್ನೇಯ ಮಿಷಿಗನ್ನಿನ ಲಕ್ಷಾಂತರ ಮನೆಗಳಲ್ಲಿ ದೀಪ ಆರಿತು. ನಮ್ಮ ಮನೆಯೂ ಅದರಲ್ಲಿ ಒಂದು. ಮನೆ ಬೆಚ್ಚಗಿಡುವ ಫರ್ನೇಸ್ ಗ್ಯಾಸಿನದೇ ಆದರೂ ಅದರ ಫ್ಯಾನ್ ತಿರುಗಲು ಕರೆಂಟೇ ಬೇಕು.

ಬೆಳಿಗ್ಗೆ ನೋಡಿದರೆ ತೊಟ್ಟಿಯ ನೀರು 70 ಡಿಗ್ರಿಗೆ ಇಳಿದಿತ್ತು. ಮೀನುಗಳು ತಳದಲ್ಲಿ ಅಲುಗಾಡದೆ ನಿಂತಿದ್ದವು. ನನಗೆ ಗಾಬರಿ. ಬೆಂಕಿಕಡ್ಡಿ ಗೀರಿ ಗ್ಯಾಸ್ ಒಲೆ ಹಚ್ಚಿ, ನೀರು ಕಾಯಿಸಿ, ಎರಡು ತಂಬಿಗೆ ಬಿಸಿನೀರನ್ನು ತೊಟ್ಟಿಯ ಮೂಲೆಗೆ ಸುರಿದೇಬಿಟ್ಟೆ. ಸ್ನಾನದ ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಹದ ಮಾಡಿ ರೂಢಿಯಾದ ಕೈ ನೋಡಿ! ಆದರೆ ಆ ಮೂಲೆಯಲ್ಲಿ ಎರಡು ಟೆಟ್ರಾಗಳಿದ್ದವು. ಸ್ವಲ್ಪ ಹೊತ್ತಿನಲ್ಲೇ ಅವು ಮಗ್ಗುಲಾಗಿ ತೇಲಿದವು.

"ಅಮ್ಮ, ನೀನು ಹಾಕಿದ ನೀರಿನಿಂದಲೇನಾ?" ಎಂದ ಮಗ.

"ಚಳಿಗೆ ಹೋದವು ಕಂದಾ" ಎನ್ನಬಹುದಿತ್ತು. ಮಾತು ತುದಿನಾಲಿಗೆಗೆ ಬಂದಿತ್ತು ಕೂಡ. ಆದರೆ ತರಗತಿಯಲ್ಲಿ "ತಪ್ಪಾದರೆ ಅಳಿಸಬೇಡಿ, ಪಕ್ಕದಲ್ಲಿ ಸರಿ ಮಾಡಿ ಬರೆಯಿರಿ" ಎನ್ನುವವಳು ನಾನೇ ತಾನೆ? "ಹೌದಪ್ಪ, ನನ್ನಿಂದಲೇ. ಅವಸರ ಮಾಡಿದೆ" ಎಂದೆ. ಅವನು ಅತ್ತ. ನಾನೂ ಅತ್ತೆ.

ಆಮೇಲೆ ಶಿಕಾಗೊ ಬಳಿಯ ನೇಪರ್‌ವಿಲ್‌ನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವರು ಬಹಳ ವರ್ಷಗಳಿಂದ ಮೀನು ಸಾಕುವವರು. "ಮೊದಲು ಏನೂ ಮಾಡದೆ ಇರೋದನ್ನ ಕಲಿ" ಎಂದು ನಕ್ಕು, ಒಂದೊಂದಾಗಿ ಹೇಳಿಕೊಟ್ಟರು.

ನೀರು ನಿಧಾನವಾಗಿ ತಣ್ಣಗಾದರೆ ಮೀನು ಒಂದಷ್ಟು ತಡೆದುಕೊಳ್ಳುತ್ತದೆ. ತಟ್ಟನೆ ಬದಲಾದರೆ ತಡೆಯಲಾರದು. ಬಿಸಿನೀರನ್ನು ನೇರ ಸುರಿಯಬಾರದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಬೇರೆ ಇರುತ್ತದೆ. ಬೆಚ್ಚಗಿನ ನೀರನ್ನು ಬಾಟಲಿಗೆ ತುಂಬಿ, ಮುಚ್ಚಳ ಬಿಗಿಮಾಡಿ ತೇಲಿಬಿಡಬೇಕು. ತೊಟ್ಟಿಗೆ ಹೊದಿಕೆ ಸುತ್ತಬೇಕು. ಊಟ ಹಾಕಬಾರದು. ಮೀನು ಕೆಲವು ದಿನ ಉಪವಾಸ ಇರಬಲ್ಲದು, ಆದರೆ ಉಳಿದ ಆಹಾರ ಕೊಳೆತರೆ ನೀರೇ ವಿಷವಾಗುತ್ತದೆ. ಕೊಳೆಯನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿರುತ್ತವೆ. ನಿಂತ ಫಿಲ್ಟರಿನೊಳಗೆ ಅವು ಉಸಿರುಗಟ್ಟಿ ಸಾಯುವುದರಿಂದ ಸ್ಪಂಜನ್ನು ತೆಗೆದು ತೊಟ್ಟಿಯ ನೀರಿಗೇ ಹಾಕಬೇಕು. ಆಗಾಗ ಒಂದು ಲೋಟ ತೊಟ್ಟಿಯ ನೀರನ್ನೇ ಮೊಗೆದು, ಚಹಾ ಆರಿಸುವ ಹಾಗೆ ಮೇಲಿನಿಂದ ಸುರಿದರೆ ಗಾಳಿ ಬೆರೆಯುತ್ತದೆ. "ಇನ್ನೊಂದು ಮಾತು. ಚಳಿ ಎಂದು ಇದ್ದಿಲಿನ ಗ್ರಿಲ್ಲಾಗಲಿ ಜನರೇಟರಾಗಲಿ ಮನೆಯೊಳಗೆ ಹಚ್ಚೀರಿ ಜೋಕೆ! ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ" ಎಂದರು.

ಅಜ್ಜಿ ಹೊಲಿದುಕೊಟ್ಟ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದು ತೊಟ್ಟಿಗೆ ಹೊದಿಸಿದೆವು. ಬಾಟಲಿಯ ನೀರು ಎಷ್ಟು ಬಿಸಿ ಇರಬೇಕು ಎಂದು ಮಗ ಕೇಳಿದ. "ಉಗುರುಬೆಚ್ಚಗೆ" ಎಂದೆ.

"ಉಗುರಿಗೂ ನೀರಿಗೂ ಏನಮ್ಮಾ ಸಂಬಂಧ?"

"ಬೆರಳ ತುದಿ ಅದ್ದಿ ನೋಡು. ಸುಡಬಾರದು, ತಣ್ಣಗೂ ಅನ್ನಿಸಬಾರದು. ಅದೇ ಉಗುರುಬೆಚ್ಚಗೆ."

ಅಂದಿನಿಂದ ಅದು ಅವನದೇ ಕೆಲಸ. ಪ್ರತಿ ಬಾಟಲಿ ತುಂಬುವ ಮೊದಲು ಬೆರಳು ಅದ್ದಿ "ಬಿಸಿ... ಇನ್ನೂ ಬಿಸಿ... ಈಗ ಉಗುರುಬೆಚ್ಚಗೆ!" ಎಂದು ಕೂಗುತ್ತಿದ್ದ. ಕರೆಂಟಿದ್ದ ಸ್ನೇಹಿತರ ಮನೆಗೆ ಹೋಗೋಣ ಎಂದು ಅವರಪ್ಪ ಕರೆದರೂ ಬರಲೊಪ್ಪಲಿಲ್ಲ. ನಾವು ಮೂವರೂ ತೊಟ್ಟಿಯ ಪಕ್ಕದಲ್ಲೇ ಹಾಸಿಗೆ ಹಾಸಿ, ಮೂರು ಸ್ವೆಟರ್ ತೊಟ್ಟು ಮಲಗಿದೆವು. ಟಾರ್ಚಿನ ಬೆಳಕಿನಲ್ಲಿ ಮಗ್ಗಿ ಹೇಳಿದೆವು. ಹನ್ನೆರಡರ ಮಗ್ಗಿಯಲ್ಲಿ ಅವರಪ್ಪ ತಪ್ಪಿದರು!

ಶನಿವಾರ ಸಂಜೆ ದೀಪ ಬಂತು. ಆಗ ತೊಟ್ಟಿಯ ನೀರು 66 ಡಿಗ್ರಿ. ಅಕ್ಕ ಹೇಳಿದಂತೆ ಫಿಲ್ಟರಿನಲ್ಲಿ ನಿಂತಿದ್ದ ಹಳೆಯ ನೀರು ಚೆಲ್ಲಿ, ಸ್ಪಂಜನ್ನು ಮತ್ತೆ ಕೂರಿಸಿ ಚಾಲೂ ಮಾಡಿದೆವು. ಹೀಟರನ್ನು ಒಮ್ಮೆಲೇ 78ಕ್ಕೆ ಏರಿಸದೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದೆವು. ಉಳಿದ ಹನ್ನೆರಡು ಮೀನುಗಳೂ ಭಾನುವಾರ ಬೆಳಿಗ್ಗೆ ಈಜಾಡುತ್ತಿದ್ದವು.

ಮುಂದಿನ ತರಗತಿಯಲ್ಲಿ ನಾನು ಹಲಗೆಯ ಮೇಲೆ ಬರೆದೆ: ಕೊರೆಯುವ, ತಣ್ಣನೆಯ, ಉಗುರುಬೆಚ್ಚಗಿನ, ಬೆಚ್ಚಗಿನ, ಬಿಸಿ, ಸುಡುವ. ಅರ್ಥ ಹೇಳಲು ನನ್ನ ಮಗನೇ ಕೈ ಎತ್ತಿದ. ಎರಡು ಮೀನುಗಳ ಕಥೆಯನ್ನೂ ಅವನೇ ಹೇಳಿದ. "ನಮ್ಮಮ್ಮ ತಪ್ಪು ಮಾಡಿದರು, ಆಮೇಲೆ ಕಲಿತರು" ಎಂದು ಮುಗಿಸಿದ. ಮಕ್ಕಳೆಲ್ಲ ನನ್ನತ್ತ ನೋಡಿದರು. ಹೌದು ಎಂದು ತಲೆಯಾಡಿಸಿದೆ.

ಪೋಷಕರೇ, ನಿಮ್ಮ ಮನೆಯಲ್ಲೂ ಮೀನಿನ ತೊಟ್ಟಿ ಇದ್ದರೆ ಚಳಿಗಾಲಕ್ಕೆ ಮುಂಚೆ ಬ್ಯಾಟರಿಯ ಗಾಳಿ ಪಂಪ್ ಒಂದನ್ನು ತಂದಿಡಿ, ನಾಲ್ಕು ಖಾಲಿ ಬಾಟಲಿಗಳನ್ನು ಎಸೆಯದೆ ಇಟ್ಟುಕೊಳ್ಳಿ. ಮಕ್ಕಳೇ, ನೀರು ಹದವಾಗಿದೆಯೇ ಎಂದು ನೋಡುವ ಕೆಲಸ ನಿಮ್ಮದು.

— ಕನ್ನಡ ಶಿಕ್ಷಕಿ, ಬಿ.ಎ., ಬಿ.ಎಡ್.